ಲೇಡಿ ಬ್ರ್ಯಾಕ್ನೆಲ್ ಯಾಕೆ ನಗುವುದಿಲ್ಲ

ಹಳೆಯ ರಂಗಹಾಸ್ಯವೊಂದು ಸಿನಿಮಾ ಆದಾಗ ಅದರ ನಟನೆಯನ್ನು ‘ಓವರ್ ಆಯ್ತು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಹವ್ಯಾಸಿ ತಂಡಕ್ಕೆ ನಾಟಕ ಕಲಿಸುವ ನನಗೆ ಅಷ್ಟು ಸಾಲದು. ಓವರ್ ಆದದ್ದು ಯಾವುದು, ದನಿಯೋ ಮುಖವೋ ಕೈಯೋ, ಎಂದು ಗೊತ್ತಾಗಬೇಕು.

ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ ಮೊದಲು ಪ್ರದರ್ಶನಗೊಂಡದ್ದು 1895ರಲ್ಲಿ. ಆಂಥನಿ ಆಸ್ಕ್ವಿತ್ ಅದನ್ನು 1952ರಲ್ಲಿ ಬಣ್ಣದ ಸಿನಿಮಾ ಮಾಡಿದರು. (ವೈಲ್ಡ್ ಜೈಲಿಗೆ ಹೋದಾಗ ಬ್ರಿಟನ್ನಿನ ಗೃಹ ಸಚಿವರಾಗಿದ್ದವರು ಈ ನಿರ್ದೇಶಕರ ತಂದೆ. ಇತಿಹಾಸಕ್ಕೂ ಹಾಸ್ಯಪ್ರಜ್ಞೆ ಇದೆ.) ಥಿಯೇಟರಿನ ಬಾಕ್ಸ್‌ನಲ್ಲಿ ಕೂತ ಪ್ರೇಕ್ಷಕರು, ಮೇಲೇಳುವ ಪರದೆ, ಹೀಗೆ ಶುರುವಾಗುತ್ತದೆ ಸಿನಿಮಾ. ನೋಡಲಿರುವುದು ರಂಗದ ನಟನೆ ಎಂದು ನಿರ್ದೇಶಕರು ಮೊದಲೇ ಹೇಳಿಬಿಟ್ಟಿದ್ದಾರೆ. ಹಾಗಿರುವಾಗ ಸಹಜ ನಟನೆಯ ಅಳತೆಗೋಲು ಹಿಡಿದು ಕೂರುವುದು ನನಗಂತೂ ಸರಿ ಕಾಣಲಿಲ್ಲ.

ಮೊದಲು ದನಿ ಪೂರ್ತಿ ಕಡಿಮೆ ಮಾಡಿ ಮುಖಗಳನ್ನಷ್ಟೇ ನೋಡಿದೆ. ಆಮೇಲೆ ತೆರೆಗೆ ಬೆನ್ನು ಹಾಕಿ ಬರೀ ಕೇಳಿಸಿಕೊಂಡೆ. ಹೀಗೆ ಬೇರ್ಪಡಿಸಿದ ಮೇಲೆ ವಿಷಯ ಬಿಚ್ಚಿಕೊಂಡಿತು. ದೊಡ್ಡದಾಗಿರುವುದು ದನಿ, ಮುಖ ಬಹುಪಾಲು ತಣ್ಣಗಿದೆ. ಲೇಡಿ ಬ್ರ್ಯಾಕ್ನೆಲ್ ಆಗಿರುವ ಈಡಿತ್ ಇವಾನ್ಸ್ ಅವರನ್ನೇ ನೋಡಿ. ಮಗಳನ್ನು ಕೇಳಲು ಬಂದ ಜಾಕ್‌ನನ್ನು ಆಕೆ ನೋಟ್‌ಬುಕ್ಕು ಪೆನ್ಸಿಲ್ಲು ಹಿಡಿದು ವಿಚಾರಿಸುತ್ತಾಳೆ. ಮಗುವಾಗಿದ್ದಾಗ ತಾನು ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ಒಂದು ಹ್ಯಾಂಡ್‌ಬ್ಯಾಗಿನೊಳಗೆ ಸಿಕ್ಕವನು ಎಂದು ಅವನು ಹೇಳಿದ ಕೂಡಲೇ ‘ಹ್ಯಾಂಡ್‌ಬ್ಯಾಗ್’ ಎಂಬ ಆ ಒಂದು ಪದವನ್ನು ಇವಾನ್ಸ್ ರಾಗದ ಹಾಗೆ ಎಳೆದು ಏರಿಸುತ್ತಾರೆ. ನಕ್ಕುಬಿಡಿ ಎಂದು ನಮಗೆ ಸನ್ನೆ ಮಾಡುವ ಒಂದು ಗೆರೆಯೂ ಮುಖದಲ್ಲಿಲ್ಲ. ಆಕೆಗೆ ಅದು ನಿಜವಾಗಿಯೂ ಸಮಾಜಕ್ಕೆ ಒದಗಿದ ಆಪತ್ತು. ಇವಾನ್ಸ್ 1939ರಲ್ಲೇ ರಂಗದ ಮೇಲೆ ಈ ಪಾತ್ರ ಮಾಡಿದ್ದವರು. ಆ ಪಳಗಿದ ನಿಲುವು ಕ್ಯಾಮೆರಾದ ಮುಂದೆಯೂ ಅಲುಗುವುದಿಲ್ಲ.

ಜಾಕ್ ಆಗಿರುವ ಮೈಕೆಲ್ ರೆಡ್‌ಗ್ರೇವ್ ಅವರದೂ ಇದೇ ದಾರಿ. ಜಾಕ್ ತಾನೇ ಕಟ್ಟಿ ಹೇಳಿದ, ಇಲ್ಲದ ತಮ್ಮ ಸತ್ತನೆಂದು ಕಪ್ಪು ಬಟ್ಟೆ ತೊಟ್ಟು ಬರುವಾಗ ಅವರ ದುಃಖ ಪಕ್ಕಾ ದುಃಖವೇ. ಒಂಚೂರು ತುಂಟತನ ಇಣುಕಿದ್ದರೂ ದೃಶ್ಯ ಬಿದ್ದುಹೋಗುತ್ತಿತ್ತು. ಮನೆಪಾಠ ಹೇಳುವ ಮಿಸ್ ಪ್ರಿಸಂ ಪಾತ್ರದ ಮಾರ್ಗರೆಟ್ ರುದರ್‌ಫೋರ್ಡ್ ಮಾತ್ರ ಬೇರೆ ಜಾತಿಯ ನಟಿ. ಅವರ ಗಲ್ಲ, ಕಣ್ಣು ಎಲ್ಲವೂ ಮಾತಾಡುತ್ತವೆ. ಇವಾನ್ಸ್ ಪಕ್ಕದಲ್ಲಿ ಅದು ಹೊಂದುತ್ತದೆಯೇ ಎಂದು ಅನುಮಾನಿಸುತ್ತಿದ್ದೆ. ಕೊನೆಯ ಅಂಕದಲ್ಲಿ ಇಬ್ಬರೂ ಎದುರುಬದುರಾದಾಗ, ಒಬ್ಬರ ಕಲ್ಲುಮುಖಕ್ಕೆ ಇನ್ನೊಬ್ಬರ ನಡುಕವೇ ಬೇಕಿತ್ತು ಅನ್ನಿಸಿತು.

ಒಂದು ತಕರಾರು ಮಾತ್ರ ಉಳಿಯಿತು: ನಗುವಿಗೆ ಜಾಗ. ರಂಗದಲ್ಲಿ ನಟ ಸಾಲು ಒಗೆದು, ನಗು ಎದ್ದು ಇಳಿಯುವಷ್ಟು ಹೊತ್ತು ತಡೆದು ಮುಂದಿನ ಸಾಲು ಎತ್ತುತ್ತಾನೆ. ಆ ತಡೆ ಎಷ್ಟು ಹೊತ್ತಿನದು ಎಂಬುದನ್ನು ಅವತ್ತಿನ ಪ್ರೇಕ್ಷಕರು ತೀರ್ಮಾನಿಸುತ್ತಾರೆ. ಸಿನಿಮಾದಲ್ಲಿ ಅದು ಎಡಿಟಿಂಗ್ ಟೇಬಲ್ಲಿನ ಮೇಲೆಯೇ ನಿಗದಿಯಾಗಿಬಿಡುತ್ತದೆ. ಒಬ್ಬನೇ ನೋಡಿದರೆ ಕೆಲವು ಮೌನಗಳು ಖಾಲಿ ಅನ್ನಿಸುತ್ತವೆ. ತಂಡದವರ ಜೊತೆ ನೋಡಿದಾಗ ಅವೇ ಮೌನಗಳಲ್ಲಿ ನಗು ತುಂಬಿತು. ಬೇರೆ ಕಡೆ ನಮ್ಮ ನಗುವಿನಡಿ ಮುಂದಿನ ಸಾಲೇ ಮುಳುಗಿತು. ಇಂಥ ನಟನೆಯ ಬಗ್ಗೆ ಬರೆಯುವ ಮುನ್ನ ನಾಲ್ಕು ಜನರ ಜೊತೆ ಒಮ್ಮೆ ನೋಡಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ತಾಲೀಮಿಗೆ ನಾನು ಎತ್ತಿಕೊಂಡದ್ದು ಚಹಾದ ದೃಶ್ಯ. ಲೇಡಿ ಬ್ರ್ಯಾಕ್ನೆಲ್ ಮಗಳು ಗ್ವೆಂಡೊಲಿನ್, ಜಾಕ್ ಸಾಕುತ್ತಿರುವ ಹುಡುಗಿ ಸೆಸಿಲಿ, ಇಬ್ಬರೂ ತಾವು ಒಬ್ಬನನ್ನೇ ಮದುವೆಯಾಗಲಿದ್ದೇವೆ ಎಂದುಕೊಂಡು ಜಗಳಕ್ಕೆ ಬಿದ್ದಿದ್ದಾರೆ. ಸಕ್ಕರೆ ಬೇಡ ಎಂದ ಗ್ವೆಂಡೊಲಿನ್‌ಗೆ ಸೆಸಿಲಿ ಬೇಕೆಂತಲೇ ಸಕ್ಕರೆ ತುಂಬಿ ಕೊಡುತ್ತಾಳೆ. ನಮ್ಮ ಹುಡುಗಿಯರು ಮೊದಲು ಕಣ್ಣರಳಿಸಿ, ಹುಬ್ಬು ಹಾರಿಸಿ ಆಡಿದರು. ‘ದ್ವೇಷವನ್ನೆಲ್ಲ ಸಕ್ಕರೆ ಎತ್ತುವ ಇಕ್ಕಳದಲ್ಲಿ ಇಡಿ, ಮಾತು ಮಾತ್ರ ಅತಿಥಿ ಸತ್ಕಾರದ್ದೇ ಇರಲಿ’ ಎಂದೆ. ಸಕ್ಕರೆಯ ತುಂಡು ಒಂದೊಂದಾಗಿ ಕಪ್ಪಿಗೆ ಬೀಳುವ ಸದ್ದಿಗೇ ಬಾಗಿಲ ಬಳಿ ನಿಂತಿದ್ದ ಲೈಟಿನವನು ನಕ್ಕ.