ಪುಸ್ತಕದಂಗಡಿಯಲ್ಲಿ ಲೇಖಕರಿಗೊಂದು ಮಂಚ: ಅಂಗಡಿಯವರು ಮೊದಲು ನೋಡಬೇಕಾದ್ದು

ಪ್ಯಾರಿಸ್ಸಿನಲ್ಲಿ 1951ರಲ್ಲಿ ಪುಸ್ತಕದಂಗಡಿ ತೆರೆದ ಜಾರ್ಜ್ ವಿಟ್ಮನ್, ಊರೂರು ಅಲೆಯುವ ಲೇಖಕರನ್ನು ಕಪಾಟುಗಳ ನಡುವೆಯೇ ಮಲಗಿಸುತ್ತಿದ್ದರು. ಬಾಡಿಗೆ ಇಲ್ಲ. ದಿನಕ್ಕೊಂದೆರಡು ಗಂಟೆ ಅಂಗಡಿ ಕೆಲಸ, ದಿನಕ್ಕೊಂದು ಪುಸ್ತಕದ ಓದು, ಒಂದು ಪುಟದ ಆತ್ಮಕಥೆ. ಆ ಅಂಗಡಿ, ಶೇಕ್ಸ್‌ಪಿಯರ್ ಅಂಡ್ ಕಂಪನಿ, ಈಗಲೂ ಇದೆ. ಅದನ್ನೇ ಗಾಂಧಿಬಜಾರಿನಲ್ಲೋ ಅವೆನ್ಯೂ ರಸ್ತೆಯಲ್ಲೋ ಮಾಡಹೊರಟರೆ ಮೊದಲು ಅಡ್ಡ ಬರುವುದು ರೋಲಿಂಗ್ ಶಟರ್.

ನಮ್ಮ ಶಟರುಗಳಿಗೆ ಬೀಗ ಬೀಳುವುದು ಹೊರಗಿನಿಂದ, ನೆಲದ ಹತ್ತಿರ ಎರಡೂ ಕಡೆ. ಒಳಗೆ ಒಬ್ಬರನ್ನು ಮಲಗಿಸಿ ಹಾಗೆ ಬೀಗ ಹಾಕಿಕೊಂಡು ಹೋದರೆ, ರಾತ್ರಿ ವೈರಿಂಗ್ ಸುಟ್ಟಾಗ ಅವರಿಗೆ ದಾರಿಯೇ ಇಲ್ಲ. ಹಿಂಬಾಗಿಲು ಇರಲೇಬೇಕು, ಅದರ ಚಿಲಕ ಒಳಗಿನಿಂದ ಕೀ ಇಲ್ಲದೆ ತೆಗೆಯುವಂತಿರಬೇಕು. ಆ ಬಾಗಿಲಿಗೆ ಅಡ್ಡಲಾಗಿ ಹಳೇ ಸ್ಟಾಕಿನ ಕಟ್ಟು ಪೇರಿಸುವುದು ಅಂಗಡಿಯವರ ಚಾಳಿ, ಅದನ್ನು ಎತ್ತಿಸಿ. ಮಂಚದ ಪಕ್ಕ ಬೆಂಕಿ ಆರಿಸುವ 4 ಕೆಜಿಯ ಎಬಿಸಿ ಪೌಡರ್ ಸಿಲಿಂಡರ್ ಇಡಿ, ಅದರ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯೇ ನೋಡುತ್ತಿರಿ. ಹಿಂಬಾಗಿಲೇ ಇಲ್ಲವೆ? ಮಲಗಿಸುವ ಯೋಚನೆ ಬಿಡಿ. ಹಗಲು ಕೂತು ಬರೆಯಲು ಒಂದು ಮೇಜು ಕೊಡಿ, ಸಾಕು.

ಬಾಡಿಗೆ ಕರಾರಿನಲ್ಲಿ ‘ವ್ಯಾಪಾರಕ್ಕೆ ಮಾತ್ರ’ ಎಂದಿದ್ದರೆ ಕಟ್ಟಡದ ಮಾಲೀಕರಿಂದ ಬರಹದಲ್ಲೇ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಜಗಳದ ದಿನ ನಿಲ್ಲುವುದಿಲ್ಲ.

6 ಅಡಿ ಉದ್ದ, ಎರಡೂವರೆ ಅಡಿ ಅಗಲದ ಮಡಚುವ ಮಂಚ ಸಾಕು. ಅಟ್ಟ ಬೇಡ: ಬೇಸಿಗೆಯಲ್ಲಿ ಕಾವು, ನಿದ್ದೆಗಣ್ಣಿನಲ್ಲಿ ಏಣಿ. ಕಾಗದದ ನಡುವೆ ಸೊಳ್ಳೆಬತ್ತಿಯ ಕೆಂಡ ಬೇಡವೇ ಬೇಡ, ಸೊಳ್ಳೆಪರದೆ ಕಟ್ಟಿ. ಅಡುಗೆಗೂ ಅದೇ ಮಾತು; ಊಟತಿಂಡಿಗೆ ದರ್ಶಿನಿಗಳಿವೆ. ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಒಳಗೆ ಒಣಹಾಕಿದರೆ ವಾರದೊಳಗೆ ರಟ್ಟುಗಳ ಮೇಲೆ ಬೂಷ್ಟು.

ಕೆಲಸ ದಿನಕ್ಕೆ 2 ಗಂಟೆ, ಅದೂ ಗೊತ್ತಾದ ವೇಳೆಗೆ: ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಒಂದು, ರಾತ್ರಿ ಮುಚ್ಚಿದ ಮೇಲೆ ಒಂದು. ‘ಆಗಾಗ ಸ್ವಲ್ಪ ಸಹಾಯ’ ಎಂದು ಬಿಟ್ಟರೆ ಅದು 6 ಗಂಟೆಗೆ ಬೆಳೆಯುತ್ತದೆ, ಬರವಣಿಗೆ ನಿಲ್ಲುತ್ತದೆ. ಅಷ್ಟು ಕೆಲಸ ಬೇಕಿದ್ದರೆ ಸಂಬಳ ಕೊಟ್ಟು ಆಳಿಡಿ. ಗಲ್ಲಾಪೆಟ್ಟಿಗೆ ಅವರ ಕೈಗೆ ಬೇಡ. ಅನುಮಾನದಿಂದಲ್ಲ, ಲೆಕ್ಕ 50 ರೂಪಾಯಿ ತಪ್ಪಿದ ದಿನ ಇಬ್ಬರಿಗೂ ಮುಜುಗರ.

ಧೂಳು ಹೊಡೆಯುವುದನ್ನು ಮಾತ್ರ ತೋರಿಸಿಕೊಡಲೇಬೇಕು. ಮೇಲಿನ ಹಲಗೆಯಿಂದ ಕೆಳಕ್ಕೆ ಬರಬೇಕು. ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಒಣ ಹತ್ತಿಬಟ್ಟೆಯಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಒರೆಸಬೇಕು. ತಿರುಗಾಮುರುಗಾ ಒರೆಸಿದರೆ ಧೂಳು ಬೆನ್ನಿನೊಳಕ್ಕೆ ಇಳಿಯುತ್ತದೆ. ಗುಡಿಸುವಾಗ ಗೋಡೆಯ ಬುಡದಲ್ಲಿ ಮಣ್ಣಿನ ಗೆರೆ ಕಂಡರೆ ಗೆದ್ದಲು. ಗುಡಿಸಿ ಹಾಕದೆ ಮೊದಲು ನಿಮಗೆ ತೋರಿಸಲಿ.

ಮೊದಲು ಒಂದು ವಾರಕ್ಕೆ ಒಪ್ಪಿ, ಹೊಂದಿಕೊಂಡರೆ ನಾಲ್ಕಕ್ಕೆ ಏರಿಸಿ. ಹೊರಡುವ ದಿನ ಕೀ ವಾಪಸ್ ಪಡೆದು, ಮಂಚದ ಕೆಳಗೊಮ್ಮೆ ಬಗ್ಗಿ ನೋಡಿ. ಸ್ಟಾಕಿನಲ್ಲಿ ಕಾಣದ ಪುಸ್ತಕಗಳಲ್ಲಿ ಅರ್ಧ ಅಲ್ಲಿರುತ್ತವೆ.