ನಿಮ್ಮ ಪಿಕಪ್ ನಿಜಕ್ಕೂ ಎಷ್ಟು ಕೊಡುತ್ತೆ? ಅಳೆಯುವುದು ಹೀಗೆ

ಸಿಗ್ನಲ್‌ನಲ್ಲಿ ಪಕ್ಕ ನಿಂತ ಆಟೊದವರು ಕೇಳುತ್ತಾರೆ, ಅಪಾರ್ಟ್‌ಮೆಂಟಿನ ವಾಚ್‌ಮನ್ ಕೇಳುತ್ತಾರೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಪಕ್ಕದವರೂ ಕೇಳುತ್ತಾರೆ: ‘ಇದು ಎಷ್ಟು ಕೊಡುತ್ತೆ ಸಾರ್?’ ಎರಡು ಟನ್ ಆಸುಪಾಸು ತೂಗುವ ಫೋರ್ ಬೈ ಫೋರ್ ಪಿಕಪ್ ಇಟ್ಟುಕೊಂಡವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮೊದಲ ಆರು ತಿಂಗಳು ನಾನೂ ಮೀಟರ್ ಪರದೆ ನೋಡಿಕೊಂಡು ‘ಹದಿನಾಲ್ಕು’ ಎಂದು ಧೈರ್ಯವಾಗಿ ಹೇಳುತ್ತಿದ್ದೆ. ಒಂದು ಭಾನುವಾರ ತಿಂಗಳ ಬಂಕ್ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂತೆ. ಓಡಿದ ಕಿಲೋಮೀಟರನ್ನು ಸುರಿದ ಲೀಟರಿನಿಂದ ಭಾಗಿಸಿದಾಗ ಬಂದದ್ದು ಒಂಬತ್ತು ಚಿಲ್ಲರೆ. ಆವತ್ತಿನಿಂದ ಬಾಯಿಲೆಕ್ಕ ಬಿಟ್ಟು ಪುಸ್ತಕ ಇಟ್ಟಿದ್ದೇನೆ.

ಆ ಪುಸ್ತಕದಿಂದ ಗೊತ್ತಾದದ್ದು ಒಂದೇ ವಿಷಯ. ಪಿಕಪ್‌ಗೆ ಒಂದು ಮೈಲೇಜ್ ಅಂತ ಇಲ್ಲ, ಮೂರಿವೆ: ಊರೊಳಗಿನದು, ಹೆದ್ದಾರಿಯದು, ಕೆಸರಿನದು. ಮೂರನ್ನೂ ಬೇರೆಬೇರೆಯಾಗಿ ಅಳೆಯಬೇಕು. ಖರ್ಚಾಗುವುದು ಒಂದು ನೋಟ್‌ಬುಕ್, ಒಂದು ಪೆನ್ನು, ಮತ್ತು ಬಂಕ್‌ನಲ್ಲಿ ಐದು ನಿಮಿಷದ ತಾಳ್ಮೆ.

ಕಂಪನಿ ಹೇಳುವ ಅಂಕಿ ಎಲ್ಲಿಂದ ಬರುತ್ತದೆ?

ಷೋರೂಮಿನಲ್ಲಿ ಹೇಳುವ ‘ಎಆರ್‌ಎಐ ಮೈಲೇಜ್’ (ಎಆರ್‌ಎಐ ಅಂದರೆ ವಾಹನಗಳನ್ನು ಪರೀಕ್ಷಿಸುವ ಪುಣೆಯ ಸಂಸ್ಥೆ) ಸುಳ್ಳಲ್ಲ. ಅದು ಬೇರೊಂದು ಲೋಕದ ಸತ್ಯ. ಪರೀಕ್ಷಾ ಕೋಣೆಯಲ್ಲಿ ಗಾಡಿಯ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ಮೊದಲೇ ಗೊತ್ತುಮಾಡಿದ ವೇಗದ ಪಟ್ಟಿಯಂತೆ ಓಡಿಸಿ ತೆಗೆದ ಅಂಕಿ ಅದು. ಆ ಪಟ್ಟಿಯಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಎಸಿ ಆಫ್. ಅಲ್ಲಿ ಹಂಪ್ ಇಲ್ಲ, ಟ್ಯಾಂಕರ್ ಅಡ್ಡ ಬರುವುದಿಲ್ಲ, ಮೇಲೆ ಟೆಂಟ್ ಕಟ್ಟಿರುವುದಿಲ್ಲ. ಎರಡು ಗಾಡಿಗಳನ್ನು ಹೋಲಿಸಿ ನೋಡಲು ಆ ಅಂಕಿ ಸಾಕು, ತಿಂಗಳ ಖರ್ಚಿನ ಲೆಕ್ಕಕ್ಕೆ ಬಾರದು.

ಮೊದಲ ಹೆಜ್ಜೆ: ಬಂಕ್‌ನಲ್ಲಿ ಶಿಸ್ತು

ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಭಾಗಿಸುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಎಡವುವುದು ಆ ‘ಫುಲ್’ ಎಂಬ ಮಾತಿನಲ್ಲಿ. ಡೀಸೆಲ್ ನೊರೆ ಬರುವ ಎಣ್ಣೆ. ನೊರೆ ನಾಝಲ್ ತುದಿಗೆ ತಾಗಿದ ಕೂಡಲೇ ‘ಟಕ್’ ಎಂದು ನಿಲ್ಲುತ್ತದೆ, ಟ್ಯಾಂಕಿನಲ್ಲಿ ಇನ್ನೂ ಜಾಗ ಇರುತ್ತದೆ. ಆದ್ದರಿಂದ ಮೊದಲ ಟಕ್ ಆದ ಮೇಲೆ ಒಂದು ನಿಮಿಷ ಬಿಡಿ. ನೊರೆ ಇಳಿಯಲಿ. ಆಮೇಲೆ ನಿಧಾನವಾಗಿ ಹಾಕಿಸಿ, ಎರಡನೇ ಟಕ್‌ಗೆ ನಿಲ್ಲಿಸಿಬಿಡಿ. ಬಾಯಿತನಕ ತುಂಬಿಸುವ ಚಟ ಬೇಡ. ‘ರೌಂಡ್ ಫಿಗರ್ ಮಾಡ್ಲಾ ಸಾರ್?’ ಅಂದರೆ ನಯವಾಗಿ ಬೇಡ ಅನ್ನಿ. ಲೆಕ್ಕ ಕೆಡುವುದೇ ಅಲ್ಲಿ.

ಮುಂದಿನ ಸಲವೂ ಅದೇ ಬಂಕ್, ಆದಷ್ಟು ಅದೇ ಪಂಪ್, ಗಾಡಿ ನಿಲ್ಲುವ ಜಾಗವೂ ಅದೇ ಇರಲಿ. ನೆಲ ಒಂದು ಕಡೆ ಇಳಿಜಾರಾಗಿದ್ದರೂ ಎರಡೂ ಸಲ ಒಂದೇ ರೀತಿ ನಿಂತಿದ್ದರೆ ತಪ್ಪು ತಪ್ಪನ್ನೇ ಹೊಡೆದುಹಾಕುತ್ತದೆ. ಹತ್ತು ಲೀಟರ್ ಹಾಕಿಸುವಾಗ ಒಂದು ಲೀಟರ್ ಹೆಚ್ಚುಕಡಿಮೆಯಾದರೆ ಮೈಲೇಜ್ ಶೇ 10ರಷ್ಟು ಅತ್ತಿತ್ತ ಆಗುತ್ತದೆ. ಅದೇ ಐವತ್ತು ಲೀಟರಿಗೆ ಆದರೆ ಶೇ 2 ಮಾತ್ರ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್‌ನಂಥ 80 ಲೀಟರ್ ಟ್ಯಾಂಕಿನ ಗಾಡಿಯವರು ಈ ವಿಷಯದಲ್ಲಿ ಪುಣ್ಯವಂತರು. ಅರ್ಧ ಟ್ಯಾಂಕ್ ಆದರೂ ಖಾಲಿಯಾಗುವ ತನಕ ಕಾಯಿರಿ. ಅಳತೆಯ ಮೇಲೆಯೇ ಅನುಮಾನ ಬಂದರೆ ಬಂಕ್‌ನವರಲ್ಲಿ ಐದು ಲೀಟರಿನ ಮುದ್ರೆಯೊತ್ತಿದ ಅಳತೆಪಾತ್ರೆ ಇರಲೇಬೇಕು, ಕೇಳಿ ಹಿಡಿಸಿ ನೋಡಬಹುದು.

ಬೆಳಗಿನ ಜಾವ ತಂಪಿನಲ್ಲಿ ಹಾಕಿಸಿದರೆ ಹೆಚ್ಚು ಸಿಗುತ್ತದೆ ಅನ್ನುವವರು ಇನ್ನೂ ಇದ್ದಾರೆ. ಬಂಕ್‌ನ ಟ್ಯಾಂಕ್ ಇರುವುದು ನೆಲದಡಿ. ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಉಷ್ಣಾಂಶ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಅಲಾರಂ ಇಟ್ಟುಕೊಂಡು ಏಳುವಷ್ಟು ಲಾಭ ಇಲ್ಲ.

ಎರಡನೇ ಹೆಜ್ಜೆ: ಟೈರ್ ಬದಲಿಸಿದ್ದರೆ ಓಡೊಮೀಟರ್ ನಂಬಬೇಡಿ

ಪಿಕಪ್ ಕೊಂಡವರಲ್ಲಿ ಹಲವರು ವರ್ಷದೊಳಗೆ ಟೈರ್ ದಪ್ಪ ಮಾಡುತ್ತಾರೆ. ಆಮೇಲೆ ‘ಮೈಲೇಜ್ ಬಿದ್ದೋಯ್ತು’ ಎನ್ನುತ್ತಾರೆ. ನಿಜವಾಗಿ ಬಿದ್ದಿರುತ್ತದೆ, ಆದರೆ ಅವರಿಗೆ ಕಾಣುವಷ್ಟಲ್ಲ. 245/70 ಆರ್16 ಅಳತೆಯ ಟೈರಿನ ಒಟ್ಟು ವ್ಯಾಸ ಸುಮಾರು 749 ಮಿ.ಮೀ. ಅದರ ಜಾಗಕ್ಕೆ 265/70 ಆರ್16 ಹಾಕಿದರೆ 777 ಮಿ.ಮೀ. ಒಂದು ಸುತ್ತಿಗೆ ಗಾಡಿ ಶೇ 3.7ರಷ್ಟು ಹೆಚ್ಚು ದೂರ ಹೋಗುತ್ತದೆ. ಓಡೊಮೀಟರಿಗೆ ಅದು ಗೊತ್ತಿಲ್ಲ, ಪಾಪ, ಅದು ಎಣಿಸುವುದು ಸುತ್ತು ಮಾತ್ರ. ಅದು 500 ಎಂದು ತೋರಿಸಿದಾಗ ನೀವು ಓಡಿರುವುದು ಸುಮಾರು 519.

ಸರಿಪಡಿಸುವುದು ಸುಲಭ. ನೈಸ್ ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಫೋನಿನ ಜಿಪಿಎಸ್ ಹಾಕಿಕೊಂಡು ಓಡೊಮೀಟರಿನಲ್ಲಿ 50 ಕಿ.ಮೀ. ಓಡಿಸಿ. ಜಿಪಿಎಸ್ 51.9 ತೋರಿಸಿದರೆ ಇನ್ನು ಮುಂದೆ ಓಡೊಮೀಟರಿನ ಪ್ರತಿ ಅಂಕಿಯನ್ನೂ 1.038ರಿಂದ ಗುಣಿಸಿ. ಪುಸ್ತಕದ ಮೊದಲ ಪುಟದಲ್ಲೇ ಈ ಗುಣಕ ಬರೆದಿಟ್ಟುಕೊಳ್ಳಿ.

ಮೂರನೇ ಹೆಜ್ಜೆ: ಊರೊಳಗಿನ ಅಳತೆ

ಬೆಂಗಳೂರಿನ ಪಿಕಪ್‌ನವರ ದುಡ್ಡು ಹೋಗುವುದು ಇಲ್ಲೇ. ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಲ್ಲಿ ನಗರದ ನಡುವೆ 10 ಕಿ.ಮೀ. ದಾಟಲು ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕಿತ್ತು. ಟಿನ್ ಫ್ಯಾಕ್ಟರಿ ಹತ್ತಿರ ಸಂಜೆ ಆರೂವರೆಗೆ ಸಿಕ್ಕಿಕೊಂಡವರಿಗೆ ಅದು ಹೊಗಳಿಕೆಯಂತೆ ಕೇಳಿಸಬಹುದು.

ಅಲ್ಲಿ ಡೀಸೆಲ್ ಹೇಗೆ ಕರಗುತ್ತದೆ ಎಂದು ಒಂದು ಸಣ್ಣ ಲೆಕ್ಕ ಮಾಡೋಣ. ಎರಡು ಟನ್ ಗಾಡಿ ನಿಂತಲ್ಲಿಂದ 40 ಕಿ.ಮೀ. ವೇಗಕ್ಕೆ ಏರಲು, ಎಂಜಿನ್ನಿನ ದಕ್ಷತೆಯನ್ನೂ ಲೆಕ್ಕಕ್ಕೆ ಹಿಡಿದರೆ, ಸುಮಾರು 10 ಮಿ.ಲೀ. ಡೀಸೆಲ್ ಬೇಕು. ಅಂದರೆ ಎರಡು ಟೀ ಚಮಚ. ಮುಂದೆ ಹಂಪ್ ಬಂತು, ಬ್ರೇಕ್ ಒತ್ತಿದಿರಿ, ಆ ಎರಡು ಚಮಚ ಬ್ರೇಕ್ ಡಿಸ್ಕಿನ ಬಿಸಿಯಾಗಿ ಗಾಳಿಗೆ ಹೋಯಿತು. ಮತ್ತೆ ಎರಡು ಚಮಚ. ಮನೆಯಿಂದ ಆಫೀಸಿಗೆ ಹೀಗೆ ಮೂವತ್ತು ಸಲ ಆದರೆ 300 ಮಿ.ಲೀ. ಇನ್ನು ನಿಂತಲ್ಲೇ ಎಸಿ ಹಾಕಿಕೊಂಡು ಎಂಜಿನ್ ಗುರ್‌ಗುಟ್ಟುತ್ತಿದ್ದರೆ ಇಂಥ ಡೀಸೆಲ್ ಎಂಜಿನ್ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಕುಡಿಯುತ್ತದೆ.

ಇದನ್ನೇ ಘಾಟಿಯ ಜತೆ ಹೋಲಿಸಿ. ಅದೇ ಎರಡು ಟನ್ ಗಾಡಿಯನ್ನು 900 ಮೀಟರ್ ಎತ್ತರಕ್ಕೆ, ಹೆಚ್ಚುಕಡಿಮೆ ಕರಾವಳಿಯಿಂದ ಸಕಲೇಶಪುರಕ್ಕೆ, ಎತ್ತಲು ತಗಲುವ ಹೆಚ್ಚುವರಿ ಡೀಸೆಲ್ ಸುಮಾರು 1.4 ಲೀಟರ್. ಅಂದರೆ 140 ಸಿಗ್ನಲ್. ‘ಶಿರಾಡಿ ಹತ್ತುವಾಗ ಗಾಡಿ ಎಣ್ಣೆ ಕುಡಿಯುತ್ತೆ’ ಎಂದು ಗೊಣಗುವ ನಮ್ಮ ಮಾವ ವಾರಕ್ಕೆ ಐದು ದಿನ ಸಿಲ್ಕ್ ಬೋರ್ಡ್ ದಾಟುತ್ತಾರೆ. ಆ ಲೆಕ್ಕ ಅವರ ಬಾಯಲ್ಲಿ ಒಮ್ಮೆಯೂ ಬಂದಿಲ್ಲ.

ಅಳೆಯುವುದು ಹೇಗೆ? ಒಂದು ಟ್ಯಾಂಕ್ ಪೂರ್ತಿ ಊರೊಳಗೇ ಓಡಿಸಿ. ನಡುವೆ ನಂದಿ ಬೆಟ್ಟಕ್ಕೆ ಹೋಗಿ ಬಂದರೆ ಆ ಟ್ಯಾಂಕ್ ಲೆಕ್ಕಕ್ಕಿಲ್ಲ. ಪ್ರತಿ ಸಲ ಕಿ.ಮೀ. ಜತೆಗೆ ಗಾಡಿ ಆನ್ ಇದ್ದ ಸಮಯವನ್ನೂ ಬರೆಯಿರಿ. ಸರಾಸರಿ ವೇಗ 20ಕ್ಕಿಂತ ಕೆಳಗಿಳಿದಂತೆ ಮೈಲೇಜ್ ಹೇಗೆ ಕುಸಿಯುತ್ತದೆ ಎಂದು ಮೂರ್ನಾಲ್ಕು ಟ್ಯಾಂಕ್‌ಗಳಲ್ಲಿ ಕಣ್ಣಿಗೇ ಕಾಣುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಯಾದರೆ ಇನ್ನೊಂದು ಟಿಪ್ಪಣಿ: ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್ ಆಗಾಗ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುತ್ತದೆ. ಅದಕ್ಕೂ ಡೀಸೆಲ್ ಬೇಕು. ಊರೊಳಗೇ ತೆವಳುವ ಗಾಡಿಯಲ್ಲಿ ಇದು ಹೆಚ್ಚು ಸಲ ಆಗುತ್ತದೆ. ಒಂದು ಟ್ಯಾಂಕ್ ಕಾರಣವಿಲ್ಲದೆ ಕಡಿಮೆ ಬಂದರೆ ಮೆಕ್ಯಾನಿಕ್ ಹತ್ತಿರ ಓಡುವ ಮೊದಲು ಇನ್ನೊಂದು ಟ್ಯಾಂಕ್ ನೋಡಿ.

ನಾಲ್ಕನೇ ಹೆಜ್ಜೆ: ಹೆದ್ದಾರಿ

ಎಲ್ಲರೂ ಮೈಸೂರು ರಸ್ತೆಯಲ್ಲಿ ಅಳೆಯುತ್ತಾರೆ. ಹೋಗುವಾಗಿನ ಅಂಕಿ ಹಿಡಿದುಕೊಂಡು ಸ್ನೇಹಿತರಿಗೆ ಫೋಟೊ ಕಳಿಸುತ್ತಾರೆ. ಮೈಸೂರು ನಮಗಿಂತ ಸುಮಾರು 150 ಮೀಟರ್ ತಗ್ಗಿನಲ್ಲಿದೆ, ಇಳಿಯುವಾಗ ಯಾವ ಗಾಡಿಯೂ ಚೆನ್ನಾಗಿ ಕೊಡುತ್ತದೆ. ಯಾವ ದಾರಿಯಾದರೂ ಹೋಗಿ ಬಂದದ್ದು ಸೇರಿಸಿಯೇ ಅಳೆಯಬೇಕು. ಆಗ ಏರಿಳಿತವೂ ಬಹುಮಟ್ಟಿಗೆ ಗಾಳಿಯೂ ಸರಿಹೋಗುತ್ತದೆ. ನಾನು ಆರಿಸಿಕೊಂಡದ್ದು ನೆಲಮಂಗಲದಿಂದ ಹಾಸನ. ಎರಡೂ ಕಡೆ ಎತ್ತರ ಹೆಚ್ಚುಕಡಿಮೆ ಒಂದೇ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ ದಾಟುವ ರಸ್ತೆ, ನಡುವೆ ತಟ್ಟೆ ಇಡ್ಲಿಗೂ ಕೊರತೆಯಿಲ್ಲ. ನೆಲಮಂಗಲದ ಬಂಕ್‌ನಲ್ಲೇ ಫುಲ್ ಮಾಡಿಸಿ ಹೊರಟು, ವಾಪಸು ಅಲ್ಲೇ ಫುಲ್ ಮಾಡಿಸಿದೆ. ಊರೊಳಗಿನ ಕೊಳೆ ಹೀಗೆ ಲೆಕ್ಕದೊಳಗೆ ಬರುವುದಿಲ್ಲ.

ಒಂದು ವಾರ 80ರಲ್ಲಿ, ಮುಂದಿನ ವಾರ 100ರಲ್ಲಿ. ಸುಮಾರು 320 ಕಿ.ಮೀ.ಗೆ ಮೊದಲ ಸಲ 24.6 ಲೀಟರ್, ಅಂದರೆ 13. ಎರಡನೇ ಸಲ 29 ಲೀಟರ್, 11. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಆ ತಡೆ ಶೇ 56ರಷ್ಟು ಹೆಚ್ಚು. ಪಿಕಪ್ ಅಂದರೆ ಗಾಳಿಗೆ ಎದೆಯೊಡ್ಡಿ ನಿಂತ ಬೀರು. ಲೀಟರಿಗೆ 90 ರೂಪಾಯಿ ಹಿಡಿದರೆ ವ್ಯತ್ಯಾಸ ಸುಮಾರು 400 ರೂಪಾಯಿ, ಉಳಿಯುವ ಸಮಯ ಹೋಗಿಬರಲು ಸೇರಿ ಹೆಚ್ಚೆಂದರೆ 48 ನಿಮಿಷ. ಇದು ಲಾಭವೋ ನಷ್ಟವೋ ಅವರವರಿಗೆ ಬಿಟ್ಟದ್ದು. ಹಿಂದೆ ಹೆಂಡತಿ ಮಕ್ಕಳು ಕೂತಿದ್ದರೆ ನಾನು 80ರವನು.

ಮೇಲೆ ಟೆಂಟ್, ರ‍್ಯಾಕ್ ಕಟ್ಟಿ ಅದೇ ದಾರಿಯಲ್ಲಿ ಇನ್ನೊಮ್ಮೆ ಅಳೆದು ನೋಡಿ. ವಾರಾಂತ್ಯಕ್ಕೊಮ್ಮೆಯೂ ಬಿಚ್ಚದ ಟೆಂಟನ್ನು ವರ್ಷಪೂರ್ತಿ ಹೊತ್ತು ತಿರುಗುವವರು ಈ ಅಂಕಿ ನೋಡಿದ ಮೇಲೆ ಸಾಮಾನ್ಯವಾಗಿ ಇಳಿಸುತ್ತಾರೆ.

ಐದನೇ ಹೆಜ್ಜೆ: ಕೆಸರಿನಲ್ಲಿ ಕಿಲೋಮೀಟರ್ ಮರೆತುಬಿಡಿ

ತೋಟದ ದಾರಿಯಲ್ಲಿ ಫೋರ್ ಎಲ್ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್) ಹಾಕಿಕೊಂಡು ತೆವಳುವಾಗ ಕಿ.ಮೀ. ಲೆಕ್ಕಕ್ಕೆ ಅರ್ಥವೇ ಇಲ್ಲ. ಗೇರ್ ಇಳಿದಿರುತ್ತದೆ, ಎಂಜಿನ್ ತಿರುಗುತ್ತಲೇ ಇರುತ್ತದೆ, ಗಾಡಿ ಮುಂದೆ ಹೋಗಿರುವುದು ನಾಲ್ಕು ಮಾರು. ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರದ ಸಂಬಂಧಿಕರ ಕಾಫಿ ತೋಟದಲ್ಲಿ ಮೂರೂವರೆ ಗಂಟೆ ಓಡಾಡಿದೆ. ಓಡಿದ್ದು 19 ಕಿ.ಮೀ., ಹೋದದ್ದು 7 ಲೀಟರ್. ಲೀಟರಿಗೆ 2.7 ಎಂದು ಹೇಳಿದರೆ ಗಾಬರಿಯಾಗುತ್ತದೆ. ಗಂಟೆಗೆ ಎರಡು ಲೀಟರ್ ಅಂದುಕೊಂಡರೆ ಮುಂದಿನ ಸಲಕ್ಕೆ ಉಪಯೋಗಕ್ಕೆ ಬರುತ್ತದೆ. ಟ್ರ್ಯಾಕ್ಟರ್ ಇರುವ ರೈತರು ಎಂದಿನಿಂದಲೂ ಗಂಟೆ ಲೆಕ್ಕವನ್ನೇ ಇಟ್ಟವರು. ನಾವು ಈಗ ಕಲಿಯುತ್ತಿದ್ದೇವೆ.

ಕೆಸರಿನಿಂದ ಹೊರಬಂದ ಮೇಲೆ ಎರಡು ಕೆಲಸ ಮರೆಯಬಾರದು. ಹಿಡಿತಕ್ಕೆಂದು 20 ಪಿಎಸ್‌ಐಗೆ ಇಳಿಸಿದ ಗಾಳಿಯನ್ನು ಕಂಪನಿ ಹೇಳಿದ ಮಟ್ಟಕ್ಕೆ ಮತ್ತೆ ತುಂಬಿಸಿ. ಮೆತ್ತಗಿನ ಟೈರಿನಲ್ಲಿ ಹೆದ್ದಾರಿಗೆ ಹೋದರೆ ಡೀಸೆಲ್ ಅಷ್ಟೇ ಅಲ್ಲ, ಟೈರೂ ಹೋಗುತ್ತದೆ. ಎರಡನೆಯದು, ಟಾರ್ ರಸ್ತೆ ಸಿಕ್ಕ ಕೂಡಲೇ ಟೂ ಎಚ್‌ಗೆ, ಅಂದರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಹೋಗುವ ಗೇರಿಗೆ, ಬನ್ನಿ. ಇಂಥ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಫೋರ್ ಎಚ್ (ನಾಲ್ಕೂ ಚಕ್ರ, ಮಾಮೂಲಿ ವೇಗ) ಹಾಕಿದರೆ ಮುಂದಿನ ಆಕ್ಸಲ್ಲೂ ಹಿಂದಿನದೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಎರಡೂ ಬೇರೆಬೇರೆ ದೂರ ಹೋಗಬೇಕು, ಹೋಗಲಾಗದೆ ಟೈರ್ ತೇಯುತ್ತದೆ, ಎರಡೂ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ನರಳುತ್ತದೆ.

ಭಾಗಾಕಾರದ ಬಲೆ

ಮೂರು ಅಂಕಿ ಬಂದ ಮೇಲೆ ಯಾವುದನ್ನು ಸುಧಾರಿಸಲು ಹೊರಡಬೇಕು? ಸಾವಿರ ಕಿ.ಮೀ.ಗೆ ಲೆಕ್ಕ ಹಾಕಿ. ಊರೊಳಗೆ 8 ಇದ್ದದ್ದು 9 ಆದರೆ 125 ಲೀಟರ್ 111ಕ್ಕೆ ಇಳಿಯುತ್ತದೆ, ಉಳಿತಾಯ 14 ಲೀಟರ್. ಹೆದ್ದಾರಿಯಲ್ಲಿ 13 ಇದ್ದದ್ದು 14 ಆದರೆ ಉಳಿಯುವುದು ಐದೂವರೆ ಲೀಟರ್ ಮಾತ್ರ. ಎರಡೂ ಕಡೆ ಏರಿದ್ದು ಲೀಟರಿಗೆ ಒಂದೇ ಕಿ.ಮೀ. ಅದಕ್ಕೇ ಹಂಪ್ ಹತ್ತು ಮಾರು ದೂರ ಇರುವಾಗಲೇ ಆಕ್ಸಿಲರೇಟರ್ ಬಿಡುವ ಅಭ್ಯಾಸ, ಉದ್ದದ ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡುವುದು, ಹಿಂದಿನ ತೊಟ್ಟಿಯಲ್ಲಿ ವರ್ಷದಿಂದ ಬಿದ್ದಿರುವ ಸಾಮಾನು ಇಳಿಸುವುದು ಇವೆಲ್ಲ ಎಣ್ಣೆಗೆ ಬೆರೆಸುವ ದುಬಾರಿ ದ್ರಾವಣಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

ಇನ್ನು ಮುಂದಿನ ತೋಟದ ಪ್ರವಾಸಕ್ಕೆ ಲೆಕ್ಕ ಹಾಕಿ ನೋಡಿ. ನೆಲಮಂಗಲದಿಂದ ಸಕಲೇಶಪುರಕ್ಕೆ ಹೋಗಿ ಬರಲು 400 ಕಿ.ಮೀ., 13ರಂತೆ ಸುಮಾರು 31 ಲೀಟರ್. ಮನೆಯಿಂದ ನೆಲಮಂಗಲಕ್ಕೆ ಹೋಗಿ ಬರುವ 50 ಕಿ.ಮೀ., 9ರಂತೆ ಐದೂವರೆ. ಕೆಸರಿನಲ್ಲಿ ನಾಲ್ಕು ಗಂಟೆ, ಎಂಟು ಲೀಟರ್. ಒಟ್ಟು ಸುಮಾರು 44 ಲೀಟರ್, 4,000 ರೂಪಾಯಿ. ಕೆಸರಿನ ಇಪ್ಪತ್ತು ಚಿಲ್ಲರೆ ಕಿ.ಮೀ. ಸೇರಿಸಿ ಎಲ್ಲವನ್ನೂ 13ರಿಂದಲೇ ಭಾಗಿಸಿಕೊಂಡು ಹೊರಟವರಿಗೆ ಹತ್ತಿರಹತ್ತಿರ ಎಂಟು ಲೀಟರ್ ಕಡಿಮೆ ಬೀಳುತ್ತದೆ, ಅದು ಕಡಿಮೆ ಬೀಳುವುದೂ ಬಂಕ್ ಇಲ್ಲದ ಕಡೆಯಲ್ಲೇ.