ಒಂದು ಡಿಶ್, ಮೂರು ಕಂಪ್ಯೂಟರ್, ಒಂದು ಮಳೆಗಾಲ

ಈ ಮಳೆಗಾಲದಲ್ಲಿ ನಾನು ಟಿವಿ ಸರ್ವರನ್ನು, ಅಂದರೆ ಡಿಶ್‌ನ ಚಾನೆಲ್ ಹಿಡಿದು ರೆಕಾರ್ಡ್ ಮಾಡಿ ಮನೆಯ ಟಿವಿಗಳಿಗೆಲ್ಲ ಕೊಡುವ ಕಂಪ್ಯೂಟರನ್ನು, ಒಂದು ಸಲವೂ ಕೈಯಾರೆ ರೀಸ್ಟಾರ್ಟ್ ಮಾಡಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ. ನಮ್ಮದು ಮಲ್ಪೆ ಹತ್ತಿರದ ಮನೆ, ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ನಾಲ್ಕೈದು ಸಲ ಹೋಗಿ ಬರುತ್ತದೆ. ಕಾರ್ಕಳದ ಭಾವ ಎರಡು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದರು. "ಎಂಥ ಮಾರಾಯಾ, ಫ್ರೀ ಡಿಶ್ ನೋಡ್ಲಿಕ್ಕೆ ಮೂರು ಕಂಪ್ಯೂಟರಾ? ಒಂದು ಮಳೆ ಬಂದ್ರೆ ನಿನ್ನ ಸರ್ವರ್ ಮಲಗ್ತದೆ." ಮಲಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಉಪ್ಪರಿಗೆಯಲ್ಲಿ ಹಳೆಯ ಐ5 ಡೆಸ್ಕ್‌ಟಾಪ್, ಚಾವಡಿಯಲ್ಲಿ ಟಿವಿ ಹಿಂದೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಅಮ್ಮನ ಕೋಣೆಯಲ್ಲಿ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ. ಅಮ್ಮನ ಕಾರ್ಯಕ್ರಮಗಳು ರೆಕಾರ್ಡ್ ಆಗಬೇಕು, ನಮ್ಮ ಹತ್ತಿರ ಇರುವ ಯಕ್ಷಗಾನದ ವಿಡಿಯೋ ಯಾವ ಕೋಣೆಯಲ್ಲೂ ಸಿಗಬೇಕು, ಚಾವಡಿಯಲ್ಲಿ ನಿಲ್ಲಿಸಿದ್ದು ಕೋಣೆಯಲ್ಲಿ ಅಲ್ಲಿಂದಲೇ ಶುರುವಾಗಬೇಕು. ಇಷ್ಟೇ ಬೇಕಿತ್ತು.

ಮೊದಲು ಹಾಕಿದ್ದು ಟಿವಿ ರೆಕಾರ್ಡ್ ಮಾಡುವ ಮಿಥ್‌ಟಿವಿ. ಸಾಫ್ಟ್‌ವೇರ್ ಒಳ್ಳೆಯದೇ, ನಾನು ಹಂಚಿದ ರೀತಿ ತಪ್ಪಾಗಿತ್ತು. ರೆಕಾರ್ಡ್ ಮಾಡುವ ಮುಖ್ಯ ಭಾಗ, ಅಂದರೆ ಮಾಸ್ಟರ್ ಬ್ಯಾಕೆಂಡ್ ಉಪ್ಪರಿಗೆಯಲ್ಲಿ, ಡಿಶ್ ಸಿಗ್ನಲ್ ಹಿಡಿಯುವ ಇನ್ನೊಂದು ಟ್ಯೂನರ್ ಹಾಕಿ ಎರಡನೇ ಬ್ಯಾಕೆಂಡ್ ಮಿನಿ ಪಿಸಿಯಲ್ಲಿ. ಮೊದಲ ವಾರ ಮಾಸ್ಟರ್‌ನ ವಿಳಾಸ 127.0.0.1, ಅಂದರೆ "ಇದೇ ಮೆಷಿನ್" ಎಂದೇ ಉಳಿದಿತ್ತು, ಬೇರೆ ಮೆಷಿನ್‌ನಲ್ಲಿ ಏನೂ ಪ್ಲೇ ಆಗುತ್ತಿರಲಿಲ್ಲ. ಅದು ಎಲ್ಲರಿಗೂ ಆಗುವಂಥದ್ದು, ಬಿಡಿ. ನಿಜವಾದ ಕಷ್ಟ ಬೇರೆ ಇತ್ತು. ಮಿನಿ ಪಿಸಿ ರೆಕಾರ್ಡ್ ಮಾಡಿದ್ದು ಅದರ ಡಿಸ್ಕಿನಲ್ಲೇ ಕೂರುತ್ತದೆ. ಅಮ್ಮ ಮಲಗುವಾಗ ಸ್ವಿಚ್ ಆಫ್ ಮಾಡುತ್ತಾರೆ. ಚಾವಡಿಯಲ್ಲಿ ಲಿಸ್ಟ್ ನೋಡಿದರೆ ಕಾರ್ಯಕ್ರಮದ ಹೆಸರು ಇದೆ, ಒತ್ತಿದರೆ ಕಪ್ಪು ಪರದೆ. "ಮಗಾ, ನಿನ್ನೆದ್ದು ಇಲ್ಲವಲ್ಲ?" ಎಂದು ಅಮ್ಮ ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು.

ಅದರ ಮೇಲೆ ಗಡಿಯಾರದ ಸಮಸ್ಯೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ಮಿನಿ ಪಿಸಿಯ ಸಿಎಂಒಎಸ್ ಸೆಲ್ ಸತ್ತಿತ್ತು. ಕರೆಂಟ್ ಹೋಗಿ ಬಂದರೆ ಅದು ರೂಟರ್‌ಗಿಂತ ಮೊದಲೇ ಎದ್ದು, ಇಂಟರ್‌ನೆಟ್ ಸಿಗದೆ ಹಳೆಯ ಸಮಯದಲ್ಲೇ ಓಡುತ್ತಿತ್ತು. ಒಂದು ಕಾರ್ಯಕ್ರಮದ ಬಾಲಕ್ಕೆ ಇನ್ನೊಂದರ ತಲೆ ಅಂಟಿಕೊಂಡು ರೆಕಾರ್ಡ್ ಆಗುತ್ತಿತ್ತು. ನಾನು ಸುಮಾರು 20 ದಿನ ಟ್ಯೂನರನ್ನೇ ಅನುಮಾನಿಸಿ, 1,900 ರೂಪಾಯಿ ಕೊಟ್ಟು ಹೊಸತು ತಂದೆ. ಬೇಕಿದ್ದದ್ದು 40 ರೂಪಾಯಿಯ ಸಿಆರ್2032 ಸೆಲ್.

ಆಮೇಲೆ ವಿಡಿಯೋ ತೋರಿಸುವ ಕೋಡಿ ಮತ್ತು ಅದರ ಪಟ್ಟಿ ಇಡುವ ಡೇಟಾಬೇಸ್ ಮರಿಯಾಡಿಬಿ. ಮೂರೂ ಮೆಷಿನ್‌ಗೆ ಒಂದೇ ಲೈಬ್ರರಿ. ಇದು ಸಿನಿಮಾ ಫೈಲ್‌ಗಳಿಗೆ ಚೆನ್ನಾಗಿಯೇ ನಡೆಯಿತು, ಒಂದು ದಿನ ಪೈ ಮಾತ್ರ ಹೊಸ ವರ್ಶನ್‌ಗೆ ಅಪ್‌ಡೇಟ್ ಆಗುವ ತನಕ. ಹೊಸ ವರ್ಶನ್ ತನ್ನದೇ ಹೊಸ ಡೇಟಾಬೇಸ್ ಮಾಡಿಕೊಳ್ಳುತ್ತದೆ, ಹಳೆಯವು ಹಳೆಯದನ್ನೇ ನೋಡುತ್ತವೆ. ನೋಡಿದ ಗುರುತುಗಳೆಲ್ಲ ಎರಡು ಪಾಲಾದವು.

ಕೊನೆಗೆ ಎಲ್ಲ ಕಿತ್ತು ಹಾಕಿದೆ. ಒಂದೇ ಮೆಷಿನ್‌ನಲ್ಲಿ ಎಲ್ಲ ಇರಬೇಕು, ಉಳಿದವುಗಳಲ್ಲಿ ಏನೂ ಉಳಿಯಬಾರದು. ನಾನು ಕಂಡುಕೊಂಡದ್ದು ಇದೇ. ಎರಡೂ ಟ್ಯೂನರ್, ಡಿಸ್ಕ್, ಚಾನೆಲ್ ರೆಕಾರ್ಡ್ ಮಾಡುವ ಟಿವಿಹೆಡೆಂಡ್, ವಿಡಿಯೋ ಫೈಲ್ ಹಂಚುವ ಜೆಲ್ಲಿಫಿನ್ ಎಲ್ಲವೂ ಉಪ್ಪರಿಗೆಯ ಡೆಸ್ಕ್‌ಟಾಪ್‌ನಲ್ಲಿ. ಪೈ ಮತ್ತು ಮಿನಿ ಪಿಸಿಯಲ್ಲಿ ಬರೀ ಕೋಡಿ, ಟಿವಿಹೆಡೆಂಡ್‌ನ 9982 ಪೋರ್ಟ್‌ಗೆ ಸೇರಿಸಿದ್ದು ಅಷ್ಟೇ. ಅಮ್ಮ ಸ್ವಿಚ್ ಆಫ್ ಮಾಡಿದರೆ ಮಾಡಲಿ. ಎಲ್ಲಿ ನಿಲ್ಲಿಸಿದ್ದು ಎನ್ನುವುದೂ ಸರ್ವರ್‌ನಲ್ಲೇ ಇರುತ್ತದೆ. ಡೆಸ್ಕ್‌ಟಾಪ್‌ಗೆ ಸ್ಥಿರ ಐಪಿ, ಅಂದರೆ ಬದಲಾಗದ ವಿಳಾಸ ಕೊಟ್ಟೆ, ಉಳಿದವು ಸಮಯವನ್ನೂ ಅದರಿಂದಲೇ ತೆಗೆದುಕೊಳ್ಳುವ ಹಾಗೆ ಕ್ರೋನಿ ಎಂಬ ಸಾಫ್ಟ್‌ವೇರ್ ಹಾಕಿದೆ. ಎರಡು ಟ್ಯೂನರ್ ಸಾಲುವುದಿಲ್ಲ ಎಂದು ಕೆಲವರು ಹೇಳಿದ್ದರು. ಒಂದೇ ಟ್ರಾನ್ಸ್‌ಪಾಂಡರ್‌ನ, ಅಂದರೆ ಉಪಗ್ರಹದಿಂದ ಒಂದೇ ಗೊಂಚಲಾಗಿ ಬರುವ ಎಷ್ಟು ಚಾನೆಲ್ ಬೇಕಾದರೂ ಒಂದೇ ಟ್ಯೂನರ್ ಹಿಡಿಯುತ್ತದೆ ಅಲ್ವಾ? ಒಂದು ರಾತ್ರಿ ನಾಲ್ಕು ರೆಕಾರ್ಡಿಂಗ್ ಒಟ್ಟಿಗೆ ಓಡಿಸಿ ಅವರಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಪರದೆಯ ಕಾರ್ಯಕ್ರಮ ಪಟ್ಟಿ (ಇಪಿಜಿ) ನೋಡುವುದನ್ನು ಬಿಟ್ಟು ಗಂಟೆ ನೋಡಿಯೇ ಟೈಮರ್ ಹಾಕಿದೆ, ಶುರುವಿಗೆ 5 ನಿಮಿಷ, ಕೊನೆಗೆ 10 ನಿಮಿಷ ಜಾಸ್ತಿ.

ಈ ಮಳೆಗಾಲಕ್ಕೆ ಮೊದಲು ಇಲ್ಲೂ ಒಂದು ಪೆಟ್ಟು ಬಿತ್ತು. ಒಮ್ಮೆ ಕರೆಂಟ್ ಬಂದಾಗ ಯುಎಸ್‌ಬಿ ಡಿಸ್ಕ್ ತಡವಾಗಿ ಎದ್ದಿತು, ಅಷ್ಟರಲ್ಲಿ ಟಿವಿಹೆಡೆಂಡ್ ಖಾಲಿ ಫೋಲ್ಡರ್‌ಗೇ ರೆಕಾರ್ಡ್ ಮಾಡತೊಡಗಿ, ಸಿಸ್ಟಮ್ ಇದ್ದ 120 ಜಿಬಿ ಎಸ್‌ಎಸ್‌ಡಿ ನಾಲ್ಕು ದಿನದಲ್ಲಿ ತುಂಬಿ ಎಲ್ಲವೂ ನಿಂತಿತು. ಡಿಸ್ಕ್ ಮೌಂಟ್ ಆಗುವ, ಅಂದರೆ ಸಿಸ್ಟಮ್‌ಗೆ ಸೇರಿಕೊಳ್ಳುವ ತನಕ ಟಿವಿಹೆಡೆಂಡ್ ಏಳಬಾರದು ಎಂದು ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯಲ್ಲಿ ಒಂದು ಸಾಲು ಹಾಕಿದೆ, ಡಿಸ್ಕಿನ ಗುರುತಿನ ಸಂಖ್ಯೆ (ಯುಯುಐಡಿ) ಕೊಟ್ಟು ಮೌಂಟ್ ಮಾಡಿದೆ. ಟ್ಯೂನರ್ ಸಿಗ್ನಲ್ ನೋಡಿ ತಾನೇ ಎಬ್ಬಿಸುವ ಒಂದು ಸ್ಕ್ರಿಪ್ಟ್ ಕೂಡ ಇದೆ. ಅದನ್ನು ಇಲ್ಲಿ ಕೊಡುವುದಿಲ್ಲ, ಎಂಟು ತಿಂಗಳ ಕೆಲಸ ಅದು.

ವೈಫೈ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಪ್ಪ ಮುರಕಲ್ಲಿನ ಗೋಡೆ ಇರುವ ಮನೆಯಲ್ಲಿ ಕೇಬಲ್ ಎಳೆಯಿರಿ. ಸಿಡಿಲಿನ ಬಗ್ಗೆ ಮಾತ್ರ ಹೇಳಲೇಬೇಕು. ಕಳೆದ ವರ್ಷ ಮೇ ತಿಂಗಳಲ್ಲಿ ಡಿಶ್ ಕೇಬಲ್‌ನಿಂದ ಬಂದ ಪೆಟ್ಟು ಟ್ಯೂನರ್ ಕಾರ್ಡ್, ನೆಟ್‌ವರ್ಕ್ ಸ್ವಿಚ್, ಕೆಳಗಿನ ಪೈ ಮೂರನ್ನೂ ತೆಗೆದುಕೊಂಡು ಹೋಯಿತು. ಸುಮಾರು 9,000 ನಷ್ಟ. ಈಗ ಡಿಶ್‌ಗೆ ಅರ್ಥ್ ಕಟ್ಟಿದ್ದೇನೆ. ಉಪ್ಪರಿಗೆಯಿಂದ ಕೆಳಗೆ ಬರುವುದು ತಾಮ್ರ ಅಲ್ಲ, ಫೈಬರ್. ತಾಮ್ರದ ಸಿಗ್ನಲನ್ನು ಬೆಳಕಿಗೆ ಬದಲಿಸುವ ಎರಡು ಮೀಡಿಯಾ ಕನ್ವರ್ಟರ್, ಒಟ್ಟು 1,500 ಇರಬೇಕು. ಮೇಲೆ ಸುಟ್ಟರೂ ಆ ಪೆಟ್ಟು ಗಾಜಿನ ಎಳೆಯಲ್ಲಿ ಕೆಳಗೆ ಇಳಿಯುವುದಿಲ್ಲ. ಉಪ್ಪುಗಾಳಿಗೆ ಡಿಶ್ ಕೇಬಲ್ ತುದಿಯ ಎಫ್ ಕನೆಕ್ಟರ್ ಹಸಿರು ಹಿಡಿಯುತ್ತದೆ, ಏಪ್ರಿಲ್‌ನಲ್ಲೇ ಬದಲಿಸಿ ಟೇಪ್ ಸುತ್ತಿ. ಜೋರು ಮಳೆಗೆ ಡಿಶ್‌ನ ಕೆಯು ಬ್ಯಾಂಡ್ ಸಿಗ್ನಲ್ ಸ್ವಲ್ಪ ಹೊತ್ತು ಹೋಗುತ್ತದೆ, ಅದಕ್ಕೆ ದೊಡ್ಡ ಡಿಶ್ ಹಾಕಿದೆ. 90 ಸೆಂಟಿಮೀಟರ್‌ನದು.

ನಡುವೆ ಜಾಗ ಉಳಿಸಲು ಯಕ್ಷಗಾನದ ಹಳೆಯ ರೆಕಾರ್ಡಿಂಗ್‌ಗಳನ್ನು ವಿಡಿಯೋವನ್ನು ಚಿಕ್ಕದಾಗಿಸುವ ಹೆಚ್‌265 ರೂಪಕ್ಕೆ ಬದಲಿಸಿ ನೋಡಿದೆ. ಇಡೀ ರಾತ್ರಿಯ ಒಂದು ಆಟ 16 ಜಿಬಿಯಿಂದ 5ಕ್ಕೆ ಇಳಿಯಿತು. ಆದರೆ ಆಡಿಯೋ 64 ಕೆಬಿಪಿಎಸ್‌ಗೆ ಇಳಿಸಿದ್ದರಿಂದ ಚೆಂಡೆಯ ಪೆಟ್ಟು ಒದ್ದೆ ಬಟ್ಟೆಗೆ ಹೊಡೆದ ಹಾಗೆ ಕೇಳಿಸಿತು. ಅಮ್ಮ ಎರಡೇ ನಿಮಿಷದಲ್ಲಿ ಕಂಡುಹಿಡಿದರು. ಪುಣ್ಯಕ್ಕೆ ಮೂಲ ಫೈಲ್ ಅಳಿಸಿರಲಿಲ್ಲ. ಈಗ ಚಿತ್ರ ಮಾತ್ರ ಬದಲಿಸುತ್ತೇನೆ, ಆಡಿಯೋ ಇದ್ದ ಹಾಗೇ ಕಾಪಿ. ಜೆಲ್ಲಿಫಿನ್‌ನಲ್ಲಿ ಕನ್ನಡ ಸಬ್‌ಟೈಟಲ್ ಬರೀ ಚೌಕ ಚೌಕವಾಗಿ ಬಂದರೆ ಸರ್ವರ್‌ಗೆ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ ನೋಡಿ, ನನಗೆ ಅಲ್ಲೇ ಸರಿಯಾಯಿತು.

ಒಟ್ಟು ಖರ್ಚು 27,000 ಆಸುಪಾಸು, ಸುಟ್ಟದ್ದೂ ಸೇರಿ. ಕರೆಂಟ್ ತಿಂಗಳಿಗೆ 28 ಯುನಿಟ್ ಹತ್ತಿರ.

ಚೌತಿಗೆ ಭಾವ ಬಂದಿದ್ದರು. ಚಾವಡಿಯಲ್ಲಿ ಅರ್ಧ ನೋಡಿದ ಯಕ್ಷಗಾನದ ಆಟವನ್ನು ಊಟವಾದ ಮೇಲೆ ಅಮ್ಮನ ಕೋಣೆಯಲ್ಲಿ ಅಲ್ಲಿಂದಲೇ ಮುಂದುವರಿಸಿ ಪೂರ್ತಿ ನೋಡಿದರು. ಹೊರಡುವಾಗ ಚಪ್ಪಲಿ ಹಾಕುತ್ತಾ, "ನಮ್ಮಲ್ಲಿ ಎರಡೇ ಟಿವಿ ಇರುವುದು, ಎಷ್ಟಾಗಬಹುದು?" ಎಂದು ಕೇಳಿದರು. ದೀಪಾವಳಿ ಕಳೆದ ಮೇಲೆ ಕಾರ್ಕಳಕ್ಕೆ ಡ್ರಿಲ್ಲಿಂಗ್ ಮೆಷಿನ್ ಹಿಡಿದುಕೊಂಡು ಹೋಗುವುದು ಎಂದು ಮಾತಾಗಿದೆ.